ಅಜ್ಜನ ಜೋಡುನಳಿಗೆ ಕೋವಿಯ ಹುಟ್ಟೂರು

ನಮ್ಮ ಅಜ್ಜನ ಕೋವಿಯ ಎರಡು ನಳಿಗೆಗಳ ನಡುವೆ ಒಂದು ಸಣ್ಣ ಪಟ್ಟಿ ಉದ್ದಕ್ಕೂ ಓಡುತ್ತದೆ. ಅದರ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ 'ಲಂಡನ್ ಫೈನ್ ಟ್ವಿಸ್ಟ್' ಎಂದು ಕೆತ್ತಿದ್ದಾರೆ. ಅಷ್ಟೇ ಸಾಕಾಗಿತ್ತು. ಮೂರು ತಲೆಮಾರಿನಿಂದ ನಮ್ಮ ಮನೆಯಲ್ಲಿ ಅದಕ್ಕೆ 'ಲಂಡನ್ ಕೋವಿ' ಎಂದೇ ಹೆಸರು. ಅಜ್ಜ ಹಾಗೆ ಕರೆದರು, ದೊಡ್ಡಪ್ಪ ಹಾಗೆ ಕರೆದರು, ನಾನೂ ಹಾಗೇ ಕರೆಯುತ್ತಿದ್ದೆ.

ಸಂಶಯ ಬಂದದ್ದು ಎಣ್ಣೆ ಹಚ್ಚುವಾಗ. ನಳಿಗೆಗಳನ್ನು ಬಿಚ್ಚಿ ಬಟ್ಟೆಯ ಮೇಲೆ ಬೋರಲು ಹಾಕಿದ್ದೆ. ಬುಡದ ಕಡೆ, ಕೋವಿ ಮುಚ್ಚಿದಾಗ ಕಣ್ಣಿಗೆ ಬೀಳದ ಚಪ್ಪಟೆ ಜಾಗದಲ್ಲಿ, ಹೆಸರುಕಾಳಿನಷ್ಟು ದೊಡ್ಡದೊಂದು ಮೊಟ್ಟೆಯಾಕಾರದ ಮುದ್ರೆ ಕಂಡಿತು. ಒಳಗೆ ಮೂರು ಅಕ್ಷರ: ಇ, ಎಲ್, ಜಿ. ಲಂಡನ್ನಿನ ಕೋವಿಯ ಹೊಟ್ಟೆಯಲ್ಲಿ ಈ ಅಕ್ಷರಗಳಿಗೇನು ಕೆಲಸ? ಆ ಪ್ರಶ್ನೆ ಬಗೆಹರಿಯಲು ನನಗೆ ನಾಲ್ಕು ತಿಂಗಳು ಹಿಡಿಯಿತು. ಹಾಗೆ ಹುಡುಕುವಾಗ ಏನೇನು ಮಾಡಿದೆ, ಎಲ್ಲಿ ಎಡವಿದೆ ಎಂಬುದನ್ನು ಬರೆಯುತ್ತಿದ್ದೇನೆ. ನಿಮ್ಮ ಮನೆಯಲ್ಲೂ ಇಂಥದ್ದೊಂದು ಹಳೇ ಕೋವಿ ಇದ್ದರೆ ಉಪಯೋಗಕ್ಕೆ ಬರಬಹುದು.

ಮೊದಲೇ ಒಂದು ಮಾತು. ಕೋವಿಯ ಪರವಾನಗಿ ದೊಡ್ಡಪ್ಪನ ಹೆಸರಿನಲ್ಲಿದೆ. ಹಾಗಾಗಿ ಮುಟ್ಟಿದ್ದು, ಬಿಚ್ಚಿದ್ದು, ಅಳೆದದ್ದು ಎಲ್ಲವೂ ಅವರ ಮನೆಯಲ್ಲೇ, ಅವರ ಎದುರಿಗೇ. ಹಳೆಯ ಕೋವಿಗೆ ಕಾನೂನು ಒಂದೊಂದು ದೇಶದಲ್ಲಿ ಒಂದೊಂದು ಥರ ಇದೆ. ಹಳೇದು ಎನ್ನುವ ಕಾರಣಕ್ಕೆ ಲೆಕ್ಕಕ್ಕಿಲ್ಲ ಎಂದುಕೊಳ್ಳಬೇಡಿ, ಮೊದಲು ವಿಚಾರಿಸಿ.

ಇನ್ನೊಂದು, ಕೋವಿ ತುಂಬಿದೆಯಾ ಇಲ್ಲವಾ ಎಂದು ನೋಡುವುದು. ನಮ್ಮದು ಹಿಂದಿನಿಂದ ತೋಟೆ ಹಾಕುವ ಕೋವಿ. ಬಾಗಿಸಿ ತೆರೆದರೆ ಎರಡೂ ನಳಿಗೆಯಲ್ಲಿ ಆಚೆಯ ಬೆಳಕು ಕಾಣುತ್ತದೆ, ಕೆಲಸ ಸುಲಭ. ಬಾಯಿಯಿಂದ ಮದ್ದು ಜಡಿಯುವ ಕೇಪಿನ ಕೋವಿಯಲ್ಲಿ ಹೀಗೆ ನೋಡಲು ಬರುವುದಿಲ್ಲ. ಅಂಥದ್ದಕ್ಕೆ ಒಂದು ಮರದ ಕಡ್ಡಿ ಬೇಕು. ಬಾಯಿಯಿಂದ ಮೆಲ್ಲಗೆ ಒಳಗೆ ಬಿಡಿ, ತಳ ಮುಟ್ಟಿದ ಮೇಲೆ ಬಾಯಿಯ ಮಟ್ಟಕ್ಕೆ ಪೆನ್ಸಿಲಿನಲ್ಲಿ ಗುರುತು ಹಾಕಿ. ಆಮೇಲೆ ಕಡ್ಡಿಯನ್ನು ಹೊರಗೆ ತೆಗೆದು ನಳಿಗೆಯ ಪಕ್ಕಕ್ಕೇ ಹಿಡಿದು ನೋಡಿ. ಕಡ್ಡಿಯ ತುದಿ ಕೇಪು ಕೂರುವ ಜಾಗದ ಹತ್ತಿರಕ್ಕೆ ಬಂದರೆ ನಳಿಗೆ ಖಾಲಿ. ಮೂರು ನಾಲ್ಕು ಬೆರಳು ಮುಂಚೆಯೇ ನಿಂತರೆ ಒಳಗೆ ಏನೋ ಇದೆ. ಅದು ಬರೀ ಕಸವೇ ಇರಬಹುದು, ನೂರು ವರ್ಷದ ಹಿಂದೆ ತುಂಬಿಟ್ಟ ಈಡೂ ಇರಬಹುದು. ಕರಿಮದ್ದು ಒಣಗಿದ್ದರೆ ಎಷ್ಟು ವರ್ಷವಾದರೂ ಸಾಯುವುದಿಲ್ಲ. ಅಲ್ಲಿಗೆ ನಿಲ್ಲಿಸಿ, ಕೋವಿ ರಿಪೇರಿ ಬಲ್ಲವರ ಕೈಗೆ ಕೊಡಿ.

ಇನ್ನು ಬಿಚ್ಚುವ ಕೆಲಸ. ನಮ್ಮ ಕೋವಿಯನ್ನು ತೆರೆಯುವ ಲಿವರ್ ಟ್ರಿಗರ್ ಗಾರ್ಡಿನ ಕೆಳಗೆ, ಅದಕ್ಕೆ ಅಂಟಿಕೊಂಡ ಹಾಗೆ ಉದ್ದಕ್ಕೆ ಮಲಗಿದೆ. ಅದನ್ನು ಬಲಕ್ಕೆ ತಿರುಗಿಸಿದರೆ ನಳಿಗೆ ಬಾಗುತ್ತದೆ. ನಳಿಗೆಯ ಕೆಳಗಿನ ಮರದ ತುಂಡನ್ನು ಹಿಡಿದಿಟ್ಟಿರುವುದು ಅಡ್ಡಕ್ಕೆ ತೂರಿಸಿದ ಒಂದು ಚಪ್ಪಟೆ ಕಬ್ಬಿಣದ ಬೆಣೆ. ಬೆಣೆಯನ್ನು ಹೆಬ್ಬೆರಳಲ್ಲಿ ಒತ್ತಿ ಪಕ್ಕಕ್ಕೆ ಸರಿಸಿದರೆ ಮರ ಕಳಚುತ್ತದೆ, ಮರ ಕಳಚಿದರೆ ನಳಿಗೆ ಕಳಚುತ್ತದೆ. ಇದಕ್ಕೆ ಸ್ಕ್ರೂಡ್ರೈವರ್ ಬೇಕಿಲ್ಲ. ಮುದ್ರೆಗಳಲ್ಲಿ ಮುಖ್ಯವಾದವೆಲ್ಲ ಇಷ್ಟರಲ್ಲೇ ಸಿಗುತ್ತವೆ. ಹಳೇ ಕೋವಿಯ ಸ್ಕ್ರೂಗಳ ಗೀರು ತುಂಬ ತೆಳ್ಳಗಿರುತ್ತದೆ. ಮನೆಯ ಮಾಮೂಲಿ ಸ್ಕ್ರೂಡ್ರೈವರ್ ಹಾಕಿದರೆ ಗೀರಿನ ಅಂಚು ಹರಿದು ಹೋಗುತ್ತದೆ, ಆ ಗಾಯ ಮತ್ತೆ ಮಾಯುವುದಿಲ್ಲ.

ನನ್ನಿಂದ ದೊಡ್ಡ ತಪ್ಪಾದದ್ದು ಇಲ್ಲೇ. ಮುದ್ರೆಗಳ ಮೇಲೆ ಕಪ್ಪು ಜಿಡ್ಡು ಗಟ್ಟಿಯಾಗಿ ಕೂತಿತ್ತು. ಅವಸರ ಮಾಡಿ ನಯವಾದ ಉಪ್ಪುಕಾಗದದಲ್ಲಿ ಎಡ ನಳಿಗೆಯ ಒಂದು ಮೂಲೆ ಉಜ್ಜಿದೆ. ಜಿಡ್ಡಿನ ಜೊತೆ ಒಂದು ಪುಟ್ಟ ಮುದ್ರೆಯ ಅರ್ಧ ಅಂಚೂ ಹೋಯಿತು. ನೂರು ವರ್ಷಕ್ಕೂ ಜಾಸ್ತಿ ಉಳಿದು ಬಂದಿದ್ದನ್ನು ಅರ್ಧ ನಿಮಿಷದಲ್ಲಿ ಅಳಿಸಿಬಿಟ್ಟೆ. ಇವತ್ತಿಗೂ ಆ ಜಾಗ ನೋಡಿದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಆಮೇಲೆ ಮಾಡಿದ್ದು ಇಷ್ಟೇ: ಹತ್ತಿಯಲ್ಲಿ ತೆಳು ಎಣ್ಣೆ ಅದ್ದಿ ಮುದ್ರೆಗಳ ಮೇಲೆ ಇಟ್ಟು ಒಂದು ರಾತ್ರಿ ಬಿಟ್ಟೆ. ಬೆಳಿಗ್ಗೆ ಹಲ್ಲುಕಡ್ಡಿಯ ತುದಿಯಿಂದ ಗೀರಿನ ಒಳಗಿನ ಜಿಡ್ಡು ತೆಗೆದೆ. ಮರದ ಕಡ್ಡಿ ಜಿಡ್ಡನ್ನು ತೆಗೆಯುತ್ತದೆ, ಕಬ್ಬಿಣವನ್ನು ತಿನ್ನುವುದಿಲ್ಲ. ಸ್ಟೀಲ್ ವೂಲ್, ತಂತಿ ಬ್ರಷ್, ತುಕ್ಕು ತೆಗೆಯುವ ಆಸಿಡ್ ಯಾವುದೂ ಬೇಡ. ನಳಿಗೆಯ ಮೇಲಿರುವ ಕಂದು ಬಣ್ಣವನ್ನೂ ಕೊಳೆ ಎಂದುಕೊಂಡು ತಿಕ್ಕಬೇಡಿ, ಅದು ಮಾಡಿದವರೇ ಬರಿಸಿದ ಬಣ್ಣ.

ನೋಡುವುದಕ್ಕೂ ಒಂದು ರೀತಿ ಇದೆ. ಮೊದಮೊದಲು ಟಾರ್ಚನ್ನು ನೇರಕ್ಕೆ ಹಿಡಿದು ಫೋಟೋ ತೆಗೆದೆ. ಕಬ್ಬಿಣ ಹೊಳೆಯಿತೇ ಹೊರತು ಮುದ್ರೆ ಕಾಣಲಿಲ್ಲ. ಆಮೇಲೆ ಕೋಣೆಯ ದೀಪ ಆರಿಸಿ, ಟಾರ್ಚನ್ನು ಕಬ್ಬಿಣಕ್ಕೆ ತಾಗುವ ಹಾಗೆ ಮಲಗಿಸಿ ಹಿಡಿದೆ. ಗೀರುಗಳ ಒಂದು ದಂಡೆ ಬೆಳಗಿತು, ಇನ್ನೊಂದು ದಂಡೆ ನೆರಳಾಯಿತು. ಟಾರ್ಚನ್ನು ಸುತ್ತಲೂ ನಿಧಾನವಾಗಿ ಸರಿಸುತ್ತ ಹೋದ ಹಾಗೆ, ಬರೀ ಗೀಚು ಎಂದುಕೊಂಡಿದ್ದ ಜಾಗದಲ್ಲಿ ಒಂದು ಗೋಪುರ ಎದ್ದು ನಿಂತಿತು. ಕೆಳಗೆ ಮೆಟ್ಟಿಲಿನಂಥ ಪೀಠ, ಮೇಲೆ ಒಂದು ಸಪೂರ ಕಂಬ. ಭೂತಗನ್ನಡಿಯಲ್ಲಿ ನೋಡುತ್ತಿದ್ದ ನಾನು ಉಸಿರು ಬಿಗಿ ಹಿಡಿದಿದ್ದೆ. ಕೊನೆಗೆ ಮುದ್ರೆಯ ಗೀರಿಗೆ ಚೂರು ಮುಖಕ್ಕೆ ಹಚ್ಚುವ ಪೌಡರ್ ತುಂಬಿ, ಮೇಲೆ ಬಟ್ಟೆಯಿಂದ ಒರೆಸಿದೆ. ಗೆರೆಗಳು ಬೆಳ್ಳಗೆ ಕಂಡವು. ಫೋಟೋ ಜೊತೆಗೆ ತೆಳು ಕಾಗದ ಇಟ್ಟು ಪೆನ್ಸಿಲಿನಿಂದ ಉಜ್ಜಿ ಅಚ್ಚನ್ನೂ ತೆಗೆದುಕೊಂಡೆ. ಫೋಟೋದಲ್ಲಿ ಸಿಗದ ಒಂದು ನಕ್ಷತ್ರ ನನಗೆ ಆ ಪೆನ್ಸಿಲ್ ಅಚ್ಚಿನಲ್ಲೇ ಸಿಕ್ಕಿದ್ದು.

ಸಿಕ್ಕಿದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆದೆ. ಮೊಟ್ಟೆಯಾಕಾರದೊಳಗೆ ಇ, ಎಲ್, ಜಿ, ಅದರ ಕೆಳಗೆ ಪುಟ್ಟ ನಕ್ಷತ್ರ. ಪಕ್ಕದಲ್ಲಿ ಆ ಗೋಪುರ. ಒಂದು ಆರ್ ಅಕ್ಷರ, ಅದರ ತಲೆಯ ಮೇಲೆ ನಕ್ಷತ್ರ. ಎರಡು ನಳಿಗೆಯ ಮೇಲೂ 18.2 ಎಂಬ ಅಂಕಿ. ಇನ್ನೂ ಸ್ವಲ್ಪ ಮುಂದೆ, ಮರದ ತುಂಡು ಮುಚ್ಚುತ್ತಿದ್ದ ಜಾಗದಲ್ಲಿ, ಇ ಮತ್ತು ಎಲ್ ಒಂದಕ್ಕೊಂದು ಬಳ್ಳಿಯ ಹಾಗೆ ಹೆಣೆದುಕೊಂಡ ಗುರುತು. ಇಷ್ಟು ಬಿಟ್ಟರೆ 147 ಎಂಬ ಅಂಕಿ, ಮತ್ತೆ ಎರಡು ಬಿಡಿ ಅಕ್ಷರ.

ಗೋಪುರವೇ ಬೀಗದ ಕೈ. ಅದಕ್ಕೆ ಪೆರಾನ್ ಎಂದು ಹೆಸರು. ಬೆಲ್ಜಿಯಂ ದೇಶದ ಲೀಜ್ ಪಟ್ಟಣದ ನಡುವೆ ನಿಂತಿರುವ ಸ್ಮಾರಕ ಕಂಬ ಅದು, ಆ ಊರಿನ ಲಾಂಛನ. ಇ, ಎಲ್, ಜಿ ಎಂದರೂ ಲೀಜ್ ಪರೀಕ್ಷೆ ಎಂದೇ ಅರ್ಥ. ಕೋವಿಯ ನಳಿಗೆಯನ್ನು ಮಾರುವ ಮುಂಚೆ ಮಾಮೂಲಿಗಿಂತ ಜಾಸ್ತಿ ಮದ್ದು ತುಂಬಿ ಹಾರಿಸಿ ನೋಡುತ್ತಾರೆ. ಒಡೆಯದೆ ಉಳಿದರೆ ಮುದ್ರೆ ಬೀಳುತ್ತದೆ. ಈ ಕೆಲಸಕ್ಕೆಂದೇ ಇರುವ ಸಂಸ್ಥೆಗೆ ಪ್ರೂಫ್ ಹೌಸ್ ಎನ್ನುತ್ತಾರೆ. ಲೀಜ್‌ನಲ್ಲಿ ಇದು ಶುರುವಾದದ್ದು 1672ರಲ್ಲಿ. ನೆಪೋಲಿಯನ್ ಕಾಲದಲ್ಲಿ ಲೀಜ್ ಫ್ರಾನ್ಸಿಗೆ ಸೇರಿತ್ತು. ಆಗ 1810ರಲ್ಲಿ ಅವನು ಹೊರಡಿಸಿದ ಆದೇಶದಿಂದ ಈ ಇ, ಎಲ್, ಜಿ ಮುದ್ರೆ ಬಂತು. ಹೆಣೆದುಕೊಂಡ ಇ ಮತ್ತು ಎಲ್ ಮೊದಲ ಹಂತದ ಪರೀಕ್ಷೆಯದು. ನಳಿಗೆ ಇನ್ನೂ ಬರೀ ಕೊಳವೆಯಾಗಿದ್ದಾಗಲೇ ಒಮ್ಮೆ ಪರೀಕ್ಷೆ ಮಾಡಿ ಅದನ್ನು ಒತ್ತುತ್ತಿದ್ದರು.

ಅಲ್ಲಿಗೆ ಊರು ಗೊತ್ತಾಯಿತು. ಕಾಲ ಗೊತ್ತಾಗಬೇಕಿತ್ತು. ನನಗೆ ಈ ಇಡೀ ಕೆಲಸದಲ್ಲಿ ತುಂಬ ಖುಷಿ ಕೊಟ್ಟದ್ದು ಈ ಭಾಗ. ಮುದ್ರೆಯಲ್ಲಿ ಏನಿದೆ ಎಂಬುದರ ಜೊತೆಗೆ ಏನಿಲ್ಲ ಎಂಬುದನ್ನೂ ನೋಡಬೇಕು. 1893ರಲ್ಲಿ ಲೀಜ್‌ನವರು ಈ ಮೊಟ್ಟೆಯಾಕಾರದ ಮೇಲೆ ಒಂದು ಕಿರೀಟ ಸೇರಿಸಿದರು. ನಮ್ಮ ಕೋವಿಯಲ್ಲಿ ಕಿರೀಟ ಇಲ್ಲ. ಅಂದರೆ ಇದು 1893ಕ್ಕಿಂತ ಹಿಂದಿನದು. ಇನ್ನು ಆ ಆರ್ ಅಕ್ಷರ. ಅದು ಪರೀಕ್ಷಕನ ಗುರುತು. ಒಬ್ಬೊಬ್ಬ ಪರೀಕ್ಷಕನಿಗೆ ಒಂದೊಂದು ಅಕ್ಷರ. 1853ರಿಂದ 1877ರವರೆಗೆ ಪರೀಕ್ಷಕನ ಅಕ್ಷರದ ಮೇಲೆ ಪುಟ್ಟ ಕಿರೀಟ ಇರುತ್ತಿತ್ತು. 1877ರಿಂದ ಆ ಜಾಗಕ್ಕೆ ನಕ್ಷತ್ರ ಬಂತು. ನಮ್ಮದರಲ್ಲಿ ಇರುವುದು ನಕ್ಷತ್ರ. ಹಾಗಾದರೆ ಕೋವಿ 1877ರ ಈಚಿನದು, 1893ಕ್ಕಿಂತ ಹಿಂದಿನದು. ಹದಿನಾರು ವರ್ಷದ ಕಿಂಡಿ. ಪೆನ್ಸಿಲ್ ಅಚ್ಚಿನಲ್ಲಿ ಆ ನಕ್ಷತ್ರ ಸಿಗದೇ ಹೋಗಿದ್ದರೆ ಕಿಂಡಿ ಎಷ್ಟೋ ದೊಡ್ಡದಾಗಿ ಉಳಿಯುತ್ತಿತ್ತು.

18.2 ಎಂಬ ಅಂಕಿಯೂ ಬಾಯಿ ಬಿಟ್ಟಿತು. ಅದು ನಳಿಗೆಯ ಒಳ ಅಗಲ, ಮಿಲಿಮೀಟರಿನಲ್ಲಿ. ಇಂಗ್ಲೆಂಡಿನ ಅಂದಿನ ಕೋವಿಯಲ್ಲಿ ಮಿಲಿಮೀಟರ್ ಸಿಗುವುದಿಲ್ಲ. ಅಲ್ಲಿ 12, 13, 16 ಹೀಗೆ ಬೋರಿನ ಅಂಕಿ ಒತ್ತುತ್ತಿದ್ದರು. ಬೋರ್ ಎಂದರೆ ಒಂದು ಪೌಂಡ್ ಸೀಸದಲ್ಲಿ ಆ ನಳಿಗೆಗೆ ಸರಿಯಾಗುವಂಥ ಎಷ್ಟು ಗುಂಡು ಮಾಡಬಹುದು ಎಂಬ ಲೆಕ್ಕ. ಹನ್ನೆರಡು ಗುಂಡಾದರೆ 12 ಬೋರ್, ಅಗಲ ಸುಮಾರು 18.5 ಮಿಲಿಮೀಟರ್. ಅಂಕಿ ಹೆಚ್ಚಾದ ಹಾಗೆ ನಳಿಗೆ ಸಪೂರ. ನಮ್ಮ ಕೋವಿ 12 ಬೋರಿನ ತೋಟೆ ಹಾಕುವಂಥದ್ದು, ಆದರೆ ನಳಿಗೆಯನ್ನು ಸ್ವಲ್ಪ ಬಿಗಿಯಾಗಿ ಕೊರೆದಿದ್ದಾರೆ. ಇಂಗ್ಲೆಂಡಿನಲ್ಲಾಗಿದ್ದರೆ ಇದೇ ನಳಿಗೆಗೆ 13 ಎಂದು ಒತ್ತುತ್ತಿದ್ದರು. ಕೋವಿಯ ಮೇಲೆ 13 ನೋಡಿ 'ಇದಕ್ಕೆ 13 ಬೋರಿನ ತೋಟೆ ಬೇಕು' ಎಂದು ಹುಡುಕಾಡುವವರಿದ್ದಾರೆ. ಅದು ನಳಿಗೆಯ ಅಳತೆ, ತೋಟೆಯ ಅಳತೆ ಬೇರೆ.

ವರ್ನಿಯರ್ ಹಿಡಿದು ನಳಿಗೆಯ ಬಾಯಿ ಅಳೆದೆ. ಅಲ್ಲೂ 18.2 ಬಂತು. ಬುಡದಲ್ಲಿ ಒತ್ತಿದ್ದೂ ಬಾಯಿಯಲ್ಲಿ ಸಿಕ್ಕಿದ್ದೂ ಒಂದೇ ಎಂದರೆ ತುದಿಯಲ್ಲಿ ಕಿರಿದು ಮಾಡಿಲ್ಲ, ಚೋಕ್ ಇಲ್ಲ. 'ಚೋಕ್' ಎಂಬ ಪದವೂ ನಳಿಗೆಯ ಮೇಲೆ ಇರಲಿಲ್ಲ, ಎರಡೂ ತಾಳೆಯಾಯಿತು. ಯಾರಾದರೂ ನಳಿಗೆಯನ್ನು ಕತ್ತರಿಸಿ ಗಿಡ್ಡ ಮಾಡಿದ್ದರೆ ಚೋಕ್ ಹೋಗಿರಬಹುದಲ್ಲ ಎಂಬ ಅನುಮಾನ ಬಂತು. ಅದಕ್ಕೆ ಬಾಯಿಯ ಕಡೆಯಿಂದ ನೋಡಿದೆ. ಜೋಡುನಳಿಗೆಗಳು ತುದಿಯಲ್ಲಿ ಒಂದಕ್ಕೊಂದು ತಾಗುವಷ್ಟು ಹತ್ತಿರ ಬಂದಿರುತ್ತವೆ. ಕತ್ತರಿಸಿದ ಕೋವಿಯಲ್ಲಿ ನಡುವೆ ಸಂದು ಉಳಿಯುತ್ತದೆ. ನಮ್ಮದರಲ್ಲಿ ಸಂದು ಇಲ್ಲ, ಉದ್ದವೂ 76 ಸೆಂಟಿಮೀಟರ್, ಅಂದರೆ 30 ಇಂಚು. ಹುಟ್ಟಿದಾಗಿನ ಉದ್ದವೇ ಉಳಿದಿದೆ ಎಂದು ಸಮಾಧಾನವಾಯಿತು.

ಮುದ್ರೆ ಹೇಳಿದ್ದನ್ನು ಕೋವಿಯ ಮೈಕಟ್ಟು ಒಪ್ಪುತ್ತದೆಯಾ ಎಂದೂ ನೋಡಬೇಕು. ಟ್ರಿಗರ್ ಗಾರ್ಡಿನ ಕೆಳಗೆ ತಿರುಗುವ ಆ ಲಿವರ್ ಬರ್ಮಿಂಗ್‌ಹ್ಯಾಮಿನ ಹೆನ್ರಿ ಜೋನ್ಸ್ ಎಂಬುವರು 1859ರಲ್ಲಿ ಪೇಟೆಂಟ್ ಪಡೆದದ್ದು. ಮೊದಲು ಇದನ್ನು ಓದಿದಾಗ ನಮ್ಮ ಕೋವಿ 1860ರ ಸುಮಾರಿನದು ಎಂದು ಹಾಳೆಯಲ್ಲಿ ಬರೆದೂ ಬಿಟ್ಟಿದ್ದೆ. ಅದು ತಪ್ಪು ಲೆಕ್ಕ. ಪೇಟೆಂಟಿನ ವರ್ಷ ಹೇಳುವುದು 'ಇದಕ್ಕಿಂತ ಮುಂಚಿನದಲ್ಲ' ಎಂದಷ್ಟೇ. ಎಷ್ಟು ಈಚಿನದು ಎಂದು ಹೇಳುವುದಿಲ್ಲ. ಆ ಲಿವರ್ ಗಟ್ಟಿ, ಮಾಡುವುದೂ ಸುಲಭ. ಹಾಗಾಗಿ ಮೇಲಿನಿಂದ ಹೆಬ್ಬೆರಳಲ್ಲಿ ತಳ್ಳುವ ಲಿವರ್ ಬಂದ ಮೇಲೂ ದಶಕಗಟ್ಟಲೆ ಅದನ್ನು ಹಾಕುತ್ತಲೇ ಇದ್ದರು. ಮರದ ತುಂಡಿಗೆ ಹಾಕಿದ ಬೆಣೆಯೂ ಹಾಗೇ. 1870ರ ದಶಕದಲ್ಲಿ ಗುಂಡಿ ಒತ್ತಿ ಕಳಚುವ ಹೊಸ ಬಗೆಗಳು ಬಂದವು, ಆದರೆ ಅಗ್ಗದ ಕೋವಿಗಳಲ್ಲಿ ಬೆಣೆ ಉಳಿದುಕೊಂಡಿತು.

ಟ್ರಿಗರ್ ಎಳೆದಾಗ ಬಡಿಯುವ ಹ್ಯಾಮರ್ ಇನ್ನೂ ಚೆನ್ನಾಗಿ ಸುಳಿವು ಕೊಟ್ಟಿತು. ಹ್ಯಾಮರನ್ನು ಹೆಬ್ಬೆರಳಲ್ಲಿ ಹಿಡಿದುಕೊಂಡೇ ಮೆಲ್ಲಗೆ ಕೆಳಗೆ ಬಿಟ್ಟೆ. ತೋಟೆಯನ್ನು ಸಿಡಿಸುವ ಪಿನ್ನನ್ನು ಮುಟ್ಟಿ, ತಾನಾಗೇ ಅರ್ಧ ಬೆರಳಿನಷ್ಟು ಹಿಂದಕ್ಕೆ ಬಂದು ನಿಂತಿತು. ಹೆಬ್ಬೆರಳಿಗೆ ಆ ಪುಟ್ಟ ಒತ್ತು ಗೊತ್ತಾಗುತ್ತದೆ. ಹಳೆಯ ಬಗೆಯಲ್ಲಿ ಹ್ಯಾಮರ್ ಪಿನ್ನಿನ ಮೇಲೇ ಒರಗಿ ಕೂರುತ್ತದೆ, ಕೋವಿ ತೆರೆಯಬೇಕಾದರೆ ಮೊದಲು ಅರ್ಧಕ್ಕೆ ಎಳೆದು ನಿಲ್ಲಿಸಬೇಕು. ಹ್ಯಾಮರನ್ನು ನಡೆಸುವ ಯಂತ್ರಕ್ಕೆ ಲಾಕ್ ಎನ್ನುತ್ತಾರೆ. ಹಿಂದಕ್ಕೆ ಪುಟಿಯುವ ಲಾಕಿಗೆ ಇಂಗ್ಲೆಂಡಿನ ಸ್ಟ್ಯಾಂಟನ್ ಎಂಬುವರು 1867ರಲ್ಲಿ ಪೇಟೆಂಟ್ ಪಡೆದರು. ಹಾಗಾಗಿ 1877ರಿಂದ 1893ರ ಕಿಂಡಿಗೆ ಇದೂ ಸರಿಹೊಂದಿತು. ಖಾಲಿ ಕೋವಿಯ ಟ್ರಿಗರನ್ನು ಸುಮ್ನೆ ಎಳೆದು ಟಕ್ ಎನಿಸಿ ನೋಡಬೇಡಿ. ಹಳೇ ಪಿನ್ನು, ಸ್ಪ್ರಿಂಗು ಒಂದೇ ಏಟಿಗೆ ಮುರಿಯಬಹುದು.

ಹಾಗಾದರೆ ಮೇಲೆ ಲಂಡನ್ ಎಂದು ಯಾಕೆ ಬರೆದರು? ಆ ಕಾಲಕ್ಕೆ ಲೀಜ್ ಲೋಕಕ್ಕೆಲ್ಲ ಕೋವಿ ಕಳಿಸುತ್ತಿದ್ದ ಊರು. ಒಬ್ಬ ನಳಿಗೆ ಮಾಡುತ್ತಿದ್ದ, ಇನ್ನೊಬ್ಬ ಲಾಕ್, ಮತ್ತೊಬ್ಬ ಮರ, ಇನ್ನೊಬ್ಬ ಕೆತ್ತನೆ. ಎಷ್ಟೋ ಜನ ಮನೆಯಲ್ಲೇ ಕೂತು ಕೆಲಸ ಮಾಡುತ್ತಿದ್ದರು. ವ್ಯಾಪಾರಿಗಳು ಅವನ್ನೆಲ್ಲ ಜೋಡಿಸಿ ಮಾರುತ್ತಿದ್ದರು. ಕೊಳ್ಳುವವನು ಏನು ಬರೆಸಬೇಕು ಎನ್ನುತ್ತಾನೋ ಅದನ್ನು ಬರೆದುಕೊಡುತ್ತಿದ್ದರು. ಇಂಗ್ಲಿಷ್ ಕೋವಿಗೆ ಹೆಸರಿತ್ತು, ಹಾಗಾಗಿ ಇಂಗ್ಲಿಷ್ ಹೆಸರು ಬಂತು. ವೆಸ್ಲಿ ರಿಚರ್ಡ್ಸ್ ಎಂಬುದು 1812ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಶುರುವಾದ ಹೆಸರಾಂತ ಕಂಪನಿ. ಆದರೆ ಬರೀ 'ಡಬ್ಲ್ಯೂ. ರಿಚರ್ಡ್ಸ್' ಎಂದು ಬರೆದ ಬೆಲ್ಜಿಯಂ ಕೋವಿಗಳು ಎಷ್ಟೋ ಇವೆ. ಓದುವವನು ಮಿಕ್ಕ ಅಕ್ಷರಗಳನ್ನು ತಾನೇ ತುಂಬಿಕೊಳ್ಳಲಿ ಎಂದು. ನಮ್ಮದರಲ್ಲಿ ಹೆಸರೂ ಇಲ್ಲ, 'ಲಂಡನ್ ಫೈನ್ ಟ್ವಿಸ್ಟ್' ಎನ್ನುವುದು ನಳಿಗೆಯ ಬಗೆಯನ್ನು ಹೊಗಳುವ ಮಾತು. ಮೇಲಿನ ಬರಹ ಕೊಳ್ಳುವವನಿಗೆ ಹೇಳಿದ್ದು, ಕೆಳಗಿನ ಮುದ್ರೆ ಕಾನೂನಿಗೆ ಹೇಳಿದ್ದು. ಅಂದಿನಿಂದ ನಾನು ಯಾವ ಕೋವಿ ನೋಡಿದರೂ ಕೆಳಗಿನಿಂದಲೇ ಓದಲು ಶುರು ಮಾಡುತ್ತೇನೆ.

ಇದನ್ನು ಕೇಳಿ ನನ್ನ ಗೆಳೆಯ ಅವನ ಮನೆಯ ಕೋವಿಯನ್ನು ನೋಡಲು ಕರೆದ. ಅದರ ಮೇಲೂ ಲಂಡನ್ ಎಂದೇ ಇತ್ತು. ತಿರುಗಿಸಿದರೆ ಬೇರೆಯೇ ಮುದ್ರೆ. ಎರಡು ರಾಜದಂಡಗಳು ಕತ್ತರಿಯ ಹಾಗೆ ಒಂದರ ಮೇಲೊಂದು, ಮೇಲೆ ಕಿರೀಟ, ಸಂದುಗಳಲ್ಲಿ ಬಿ, ಪಿ, ಸಿ ಅಕ್ಷರ. ಪಕ್ಕದಲ್ಲಿ ಇಂಥದ್ದೇ ಇನ್ನೊಂದು, ಅದರಲ್ಲಿ ವಿ ಅಕ್ಷರ. ಇದು ಬರ್ಮಿಂಗ್‌ಹ್ಯಾಮ್ ಪ್ರೂಫ್ ಹೌಸಿನದು, 1813ರಿಂದ 1904ರವರೆಗೆ ಬಳಸಿದ್ದು. ಲಂಡನ್ನಿನಲ್ಲಿ ಪರೀಕ್ಷೆಯಾಗಿದ್ದರೆ ಕಿರೀಟದ ಕೆಳಗೆ ಜಿ ಮತ್ತು ಪಿ ಹೆಣೆದುಕೊಂಡಿರುತ್ತಿತ್ತು. ಅಲ್ಲಿನ ಕೋವಿ ಕೆಲಸಗಾರರ ಸಂಘಕ್ಕೆ 1637ರಲ್ಲೇ ರಾಜನ ಸನ್ನದು ಸಿಕ್ಕಿತ್ತು. ಗೆಳೆಯನ ಕೋವಿಯಲ್ಲಿ ಇನ್ನೂ ಒಂದು ಸಾಲು ಇತ್ತು: 'ನಾಟ್ ಫಾರ್ ಬಾಲ್'. ಗುಂಡು ಹಾಕಬೇಡಿ, ಚರೆ ಮಾತ್ರ ಎಂದರ್ಥ. ಚೋಕ್ ಇರುವ ನಳಿಗೆಗೆ 1875ರಿಂದ 1887ರವರೆಗೆ ಹೀಗೆ ಬರೆಯುತ್ತಿದ್ದರು. 1887ರಿಂದ 'ಚೋಕ್' ಎಂದೇ ಬರೆಯತೊಡಗಿದರು. ಒಂದೇ ಸಾಲಿನಿಂದ ಹನ್ನೆರಡು ವರ್ಷದ ಕಿಂಡಿ ಸಿಕ್ಕಿತು. ಆದರೆ ಅವನಿಗೆ ಒಂದು ಮಾತು ಹೇಳಿದೆ. ಪರೀಕ್ಷೆ ಎಲ್ಲಾಯಿತೋ ಕೋವಿ ಅಲ್ಲೇ ಮುಗಿಯಿತು ಎಂದೇನೂ ಇಲ್ಲ. ಬರ್ಮಿಂಗ್‌ಹ್ಯಾಮಿನಲ್ಲಿ ಮಾಡಿಸಿ ಬೇರೆ ಊರಿನ ಅಂಗಡಿಯವರು ತಮ್ಮ ಹೆಸರು ಹಾಕಿ ಮಾರುವುದು ಅಂದು ಮಾಮೂಲಿ. ಮೇಲಿರುವ ಹೆಸರು ಎಷ್ಟೋ ಸಲ ಮಾರಿದವನದು, ಮಾಡಿದವನದಲ್ಲ.

ಬೇರೆ ದೇಶದ ಮುದ್ರೆಗಳನ್ನು ನಾನು ಕೈಯಾರೆ ಅಷ್ಟು ನೋಡಿಲ್ಲ. ಜರ್ಮನಿಯದಾದರೆ ಕಿರೀಟದ ಕೆಳಗೆ ಬಿ, ಯು, ಜಿ, ಎಸ್, ಡಬ್ಲ್ಯೂ ಹೀಗೆ ಒಂಟಿ ಅಕ್ಷರಗಳು ಸಾಲಾಗಿ ಬರುತ್ತವೆ. ಅವು 1891ರ ಕಾನೂನಿನವು. ಡಬ್ಲ್ಯೂ ಇದ್ದರೆ ಚೋಕ್, ಜಿ ಇದ್ದರೆ ನಳಿಗೆಯೊಳಗೆ ಸುರುಳಿ ಗೀರು ಇರುವ ರೈಫಲ್. ಫ್ರಾನ್ಸಿನ ಸೇಂಟ್ ಎಟಿಯೆನ್, ಸ್ಪೇನಿನ ಐಬಾರ್ ಕೂಡ ಕೋವಿಯ ಊರುಗಳೇ, ಅಲ್ಲಿಗೂ ತಮ್ಮದೇ ಮುದ್ರೆಗಳಿವೆ. 'ಬೆಲ್ಜಿಯಂ' ಎಂದು ಪೂರ್ತಿ ಪದವೇ ಕೆತ್ತಿದ್ದರೆ ಅಮೆರಿಕಕ್ಕೆ ಕಳಿಸಿದ ಕೋವಿ ಇರಬಹುದು. ಹೊರಗಿನಿಂದ ಬರುವ ಸಾಮಾನಿನ ಮೇಲೆ ದೇಶದ ಹೆಸರು ಇರಲೇಬೇಕು ಎಂದು ಅಮೆರಿಕ 1890ರಲ್ಲಿ ಕಾನೂನು ಮಾಡಿತು.

ನಳಿಗೆಯ ಬಗ್ಗೆ ಹೇಳದಿದ್ದರೆ ಮನಸ್ಸು ತಡೆಯುವುದಿಲ್ಲ. ನಮ್ಮ ಕೋವಿಯ ನಳಿಗೆಯ ಮೇಲೆ ಕಂದು ಬಣ್ಣದಲ್ಲಿ ಸಣ್ಣ ಸಣ್ಣ ಸುಳಿಗಳು, ನೀರಿನ ಅಲೆಯ ಹಾಗೆ, ತುದಿಯಿಂದ ಬುಡದವರೆಗೆ ಸುತ್ತಿಕೊಂಡು ಬಂದಿವೆ. ಚಿಕ್ಕವನಿದ್ದಾಗ ಇದನ್ನು ಯಾರೋ ಬರೆದ ಚಿತ್ರ ಎಂದುಕೊಂಡಿದ್ದೆ. ಕಬ್ಬಿಣ ಮತ್ತು ಉಕ್ಕಿನ ಸಲಾಕೆಗಳನ್ನು ಪದರ ಪದರವಾಗಿ ಸೇರಿಸಿ, ಕಾಯಿಸಿ ಹಗ್ಗದ ಹಾಗೆ ಹೊಸೆಯುತ್ತಾರೆ. ಹೊಸೆದ ಸಲಾಕೆಗಳನ್ನು ಒಟ್ಟಿಗೆ ಬೆಸೆದು ಪಟ್ಟಿ ಮಾಡುತ್ತಾರೆ. ಆ ಪಟ್ಟಿಯನ್ನು ಒಂದು ಕಂಬಿಗೆ ಸುರುಳಿ ಸುತ್ತಿ, ಕೆಂಪಗೆ ಕಾಯಿಸಿ ಬಡಿದು ಒಂದಾಗಿಸಿದರೆ ನಳಿಗೆ. ಇದಕ್ಕೇ ಡಮಾಸ್ಕಸ್ ನಳಿಗೆ ಎನ್ನುವುದು. ಲೀಜ್ ಹತ್ತಿರ ವೆಸ್ದ್ರ್ ನದಿಯ ಕಣಿವೆಯಲ್ಲಿ ನೆಸ್ಸೊನ್ವೊ ಎಂಬ ಊರಿದೆ, ಈ ಕೆಲಸಕ್ಕೆ ಹೆಸರಾಗಿದ್ದ ಊರು. ಸಾದಾ ಉಕ್ಕಿನ ನಳಿಗೆಯ ಮೇಲೆ ಬರೀ ಇಂಥ ಚಿತ್ತಾರ ಮೂಡಿಸಿ ಮಾರಿದ್ದೂ ಉಂಟು. ನಮ್ಮದು ಅಂಥದ್ದಾ ಎಂದು ಮರದ ತುಂಡು ಮುಚ್ಚುವ ಜಾಗದಲ್ಲಿ, ಬಣ್ಣ ಸವೆದ ಜಾಗದಲ್ಲಿ ಭೂತಗನ್ನಡಿ ಹಿಡಿದು ನೋಡಿದೆ. ಬಣ್ಣ ಹೋದಲ್ಲೂ ಸುಳಿಯ ಗೆರೆ ಕಬ್ಬಿಣದೊಳಗೇ ಮುಂದುವರಿದಿತ್ತು. ಲಂಡನ್ ಎನ್ನುವುದು ಸುಳ್ಳಾದರೂ ಟ್ವಿಸ್ಟ್, ಅಂದರೆ ಹೊಸೆದದ್ದು, ಎನ್ನುವುದು ನಿಜವೇ. ಯಾರೋ ಇಬ್ಬರು ಮೂವರು ಕುಲುಮೆಯ ಮುಂದೆ ನಿಂತು ಗಂಟೆಗಟ್ಟಲೆ ಬಡಿದ ಕೆಲಸ ಇದು. ಅದು ಗೊತ್ತಾದ ದಿನ ನನಗೆ ಕೋವಿಯ ಮೇಲಿನ ಪ್ರೀತಿ ಇಮ್ಮಡಿಯಾಯಿತು.

ಅದೇ ಕಾರಣಕ್ಕೆ ಇದನ್ನು ಹಾರಿಸಬೇಡಿ ಎಂದೂ ಹೇಳುತ್ತೇನೆ. ಇಂಥ ನಳಿಗೆಯನ್ನು ಪರೀಕ್ಷೆ ಮಾಡಿದ್ದು ಕರಿಮದ್ದಿಗೆ. ಈಗಿನ ತೋಟೆಯಲ್ಲಿರುವುದು ಹೊಗೆಯಿಲ್ಲದ ಮದ್ದು, ಅದರ ಒತ್ತಡದ ಬಗೆಯೇ ಬೇರೆ. ಬೆಸುಗೆಯ ಸಂದುಗಳಲ್ಲಿ ಒಳಗೆ ತುಕ್ಕು ಎಷ್ಟು ಇಳಿದಿದೆ ಎಂದು ಹೊರಗಿನಿಂದ ಹೇಳಲು ಯಾರಿಗೂ ಆಗುವುದಿಲ್ಲ. ನಳಿಗೆ ಒಡೆದರೆ ಹೋಗುವುದು ಅದನ್ನು ಹಿಡಿದ ಎಡಗೈ.

ಇನ್ನು ಉಳಿದದ್ದು 147. ಮೊದಲು ಇದೇ ಸೀರಿಯಲ್ ನಂಬರ್ ಎಂದು ಖುಷಿಪಟ್ಟಿದ್ದೆ. ಅದೇ ಅಂಕಿ ನಳಿಗೆಯ ಮೇಲೆ, ಮರದ ತುಂಡಿನ ಕಬ್ಬಿಣದ ಮೇಲೆ, ಕೋವಿಯ ನಡುಭಾಗದ ಮೇಲೆ ಮೂರೂ ಕಡೆ ಇತ್ತು. ಕೆಲಸ ಮಾಡುವಾಗ ಒಂದು ಕೋವಿಯ ಭಾಗಗಳು ಇನ್ನೊಂದಕ್ಕೆ ಸೇರಿಹೋಗದಿರಲಿ ಎಂದು ಹಾಕುವ ಗುರುತು ಅದು. ಅದರಿಂದ ವರ್ಷ ತಿಳಿಯುವುದಿಲ್ಲ, ಆದರೆ ಮೂರೂ ಭಾಗ ಹುಟ್ಟಿನಿಂದ ಜೊತೆಗಿವೆ ಎಂದು ತಿಳಿಯಿತು. ಇಂಗ್ಲೆಂಡಿನ ದೊಡ್ಡ ಮನೆತನದ ಕೋವಿಗಳ ಕತೆ ಬೇರೆ. ಪರ್ಡಿ, ಹಾಲೆಂಡ್ ಅಂಡ್ ಹಾಲೆಂಡ್ ಇಂಥವರ ಹಳೆಯ ಲೆಕ್ಕದ ಪುಸ್ತಕಗಳು ಉಳಿದಿವೆ. ಸೀರಿಯಲ್ ನಂಬರ್ ಹಿಡಿದು ಹೋದರೆ ಯಾವ ವರ್ಷ, ಯಾರಿಗೆ ಮಾರಿದ್ದು ಎಂಬುದೂ ಸಿಗಬಹುದು. ನಮ್ಮ ಕೋವಿಗೆ ಅಂಥ ಪುಸ್ತಕ ಇಲ್ಲ. ಇರುವುದು ಎರಡು ಬಿಡಿ ಅಕ್ಷರ. ಅನುಭವ ಇರುವ ಕೋವಿ ಕೆಲಸಗಾರರೊಬ್ಬರು ಬಂದು ಸರಿಯಾದ ಸ್ಕ್ರೂಡ್ರೈವರಿನಲ್ಲಿ ಪಕ್ಕದ ಲಾಕನ್ನು ಬಿಚ್ಚಿ ತೋರಿಸಿದರು. ಒಳಗೆ ಬೇರೆ ಎರಡು ಅಕ್ಷರ ಇತ್ತು. ನಳಿಗೆ ಮಾಡಿದವರು ಒಬ್ಬರು, ಲಾಕ್ ಮಾಡಿದವರು ಇನ್ನೊಬ್ಬರು. ಅವರ ಪೂರ್ತಿ ಹೆಸರು ನನಗೆ ಸಿಗಲಿಲ್ಲ.

ಎಲ್ಲ ಮುಗಿದ ಮೇಲೆ ದೊಡ್ಡಪ್ಪನಿಗೆ ಹೇಳುವುದು ಬಾಕಿ ಇತ್ತು. ನಾಲ್ಕು ತಿಂಗಳು ಅವರ ಎದುರಿಗೇ ಕೆಲಸ ಮಾಡಿದ್ದರೂ, ಲಂಡನ್ ಅಲ್ಲ ಎಂಬ ಮಾತನ್ನು ಬಾಯಿ ಬಿಟ್ಟು ಹೇಳಿರಲಿಲ್ಲ. ಅಜ್ಜನ ಮಾತನ್ನು ಸುಳ್ಳು ಮಾಡಿದ ಹಾಗಾಗುತ್ತದಲ್ಲ ಎಂಬ ಅಳುಕು. ಒಂದು ಸಂಜೆ ಹಾಳೆಯನ್ನು ಅವರ ಮುಂದಿಟ್ಟೆ. ಬೆಲ್ಜಿಯಂ, ಲೀಜ್, 1877ರಿಂದ 1893ರ ನಡುವೆ, ಅಪ್ಪಟ ಟ್ವಿಸ್ಟ್ ನಳಿಗೆ, ಎಲ್ಲ ಭಾಗವೂ ಮೂಲದ್ದೇ ಎಂದು ಒಂದೊಂದಾಗಿ ಓದಿದೆ. ಅವರು ಸುಮಾರು ಹೊತ್ತು ಏನೂ ಮಾತಾಡಲಿಲ್ಲ.

"ಹಾಗಾದರೆ ಅಪ್ಪ ಹೇಳಿದ್ದು ಸರಿಯಲ್ಲ ಅಂತೀಯಾ?" ಎಂದರು.

"ಅಜ್ಜ ಮೇಲೆ ಬರೆದಿದ್ದನ್ನು ಓದಿದ್ದರು ದೊಡ್ಡಪ್ಪ. ನಾವು ಕೆಳಗೆ ಬರೆದಿದ್ದನ್ನು ಓದಿದ್ದೇವೆ, ಅಷ್ಟೇ."

ಅವರು ಕನ್ನಡಕ ಸರಿ ಮಾಡಿಕೊಂಡರು. ನಳಿಗೆಯನ್ನು ತಾವೇ ಎತ್ತಿ ಬೋರಲು ಮಾಡಿ ತೊಡೆಯ ಮೇಲಿಟ್ಟುಕೊಂಡರು. ಭೂತಗನ್ನಡಿಗೆ ಕೈ ಚಾಚಿ, "ಎಲ್ಲಿ, ಆ ಗೋಪುರ ಎಲ್ಲಿದೆ ತೋರಿಸು" ಎಂದರು. ನಾನು ಟಾರ್ಚನ್ನು ಓರೆಯಾಗಿ ಹಿಡಿದೆ.